‘ಕಂಡ ಕೂಡ್ಲೆ’ಯ ಉದ್ದ ಅಳೆದವರು

ಗಾರ್ಡ್ ಸಾಹೇಬರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಥಿಯ ಊಟವೂ ಮುಗಿದಿತ್ತು. ತಡವೆಂಬುದನ್ನು ಅವರಷ್ಟು ದ್ವೇಷಿಸಿದ ಮನುಷ್ಯನನ್ನು ನಾನು ಕಂಡವನಲ್ಲ. ಹಾಗಾಗಿ ಅವರ ಪರವಾಗಿ ನಾನೇ ಅಂಚೆಯವನ ಮೇಲೆ ರೇಗಿದೆ. "ಕಾಗದ ಬಂದ ಕೂಡ್ಲೆ ತಂದೀನ್ರಿ" ಎಂದ ಅವನು, ಏನೂ ತಪ್ಪಿಲ್ಲದವನ ಮುಖ ಮಾಡಿಕೊಂಡು. ಗಾರ್ಡ್ ಸಾಹೇಬರು ಅಲ್ಲಿದ್ದಿದ್ದರೆ ಅವನನ್ನು ಜಗಲಿಯ ಮೇಲೆ ಕೂರಿಸಿ, "ಕೂಡ್ಲೆ ಅಂದರೆ ಎಷ್ಟಪ್ಪ? ಗೇಣೋ, ಮೊಳವೋ, ಮಾರೋ?" ಎಂದು ವಿಚಾರಣೆ ಶುರುಮಾಡುತ್ತಿದ್ದರು.

ನಮ್ಮ ಸೀಮೆಯ ಜನ ಅಳೆಯುವುದರಲ್ಲಿ ಹಿಂದೆ ಬಿದ್ದವರಲ್ಲ. ಭತ್ತವನ್ನು ಕೊಳಗದಲ್ಲಿ, ಅಡಿಕೆಯನ್ನು ಮಣದಲ್ಲಿ, ಬಟ್ಟೆಯನ್ನು ಮೊಳದಲ್ಲಿ, ಬೀಗರನ್ನು ಊಟದ ಎಲೆಯಲ್ಲಿ ಅಳೆಯುತ್ತೇವೆ. ಆದರೆ ‘ಕೂಡ್ಲೆ’ ಎಂಬ ಮಾತಿಗೂ ಒಂದು ಉದ್ದ ಉಂಟೆಂದು ಚನ್ನಗಿರಿಯಿಂದ ನ್ಯಾಮತಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಸುಣ್ಣದ ನೀರು, ಹುಲ್ಲಿನ ಕರು ಮತ್ತು ನನ್ನ ಮಾನ, ಈ ಮೂರನ್ನು ಖರ್ಚುಮಾಡಿ ಅದನ್ನು ಅಳೆದವರು ಇವರೊಬ್ಬರೇ.

ಅವರು ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾಗಿ ಚನ್ನಗಿರಿಗೆ ಬಂದವರು. ಊರಿಗೆ ರೈಲಿರಲಿಲ್ಲ, ಅದನ್ನು ಅವರು ಊರಿನವರ ನಡತೆಯ ದೋಷವೆಂದೇ ತಿಳಿದಿದ್ದರು. ಯುದ್ಧಕ್ಕೆ ಮುಂಚಿನ ಮಾತು, ಪೆಟ್ರೋಲು ಇನ್ನೂ ಧಾರಾಳವಾಗಿ ಸಿಗುತ್ತಿತ್ತು. ನಮ್ಮ ಯಜಮಾನರು ಅಡಿಕೆ ಮಂಡಿಯ ಜೊತೆಗೆ ಮೂರು ಬಸ್ಸುಗಳನ್ನೂ ಇಟ್ಟಿದ್ದರು: ಎರಡು ಹೊನ್ನಾಳಿ ಮೇಲೆ ನ್ಯಾಮತಿಗೆ, ಒಂದು ದಾವಣಗೆರೆ ಮೇಲೆ ಜಗಳೂರಿಗೆ. ನಾನು ಅವರ ಬುಕಿಂಗ್ ಏಜೆಂಟು. ರೈಲ್ವೆಯವರೊಬ್ಬರು ಜೊತೆಗಿದ್ದರೆ ಬಸ್ಸುಗಳಿಗೆ ತೂಕ ಬರುತ್ತದೆಂದು ಯಜಮಾನರು ಅವರನ್ನು ಇನ್ಸ್‌ಪೆಕ್ಟರಾಗಿ ನೇಮಿಸಿದರು. ತೂಕ ಬಂತು, ಅದನ್ನು ಹೊತ್ತವನು ನಾನು.

ಕಪ್ಪು ಕೋಟು, ಹಿತ್ತಾಳೆ ಗುಂಡಿ, ಎದೆಯ ಮೇಲೆ ಸೀಟಿ, ಕಂಕುಳಲ್ಲಿ ಸುತ್ತಿಟ್ಟ ಎರಡು ಬಾವುಟ. ಕೆಲಸಕ್ಕೆ ಸೇರಿದ ದಿನ ಹೊನ್ನಾಳಿ ಬಸ್ಸಿನ ಹಿಂದೆ ನಿಂತು ಗಂಭೀರವಾಗಿ ಹಸಿರು ಬಾವುಟ ಬೀಸಿದರು. ಹಿಂದೆ ನೋಡುವ ಅಭ್ಯಾಸ ನಮ್ಮ ಡ್ರೈವರುಗಳಿಗೆ ಇರಲಿಲ್ಲ. ಬಸ್ಸು ಹೋಯಿತು, ಸಾಹೇಬರು ಉಳಿದರು. ಗಾರ್ಡನ್ನು ಬಿಟ್ಟು ಗಾಡಿ ಹೊರಟದ್ದು ಅವರ ಇಡೀ ಸರ್ವೀಸಿನಲ್ಲಿ ಅದೇ ಮೊದಲು. ಪಕ್ಕದ ಬಸ್ಸಿನವರು ಬಿದ್ದು ಬಿದ್ದು ನಕ್ಕರು. ಸಾಹೇಬರು ಬೇಸರಿಸಲಿಲ್ಲ, ಮಾರನೆಯ ದಿನ ಬಸ್ಸಿನ ಮುಂದೆ ನಿಂತು ಬೀಸಿದರು.

ಅವರ ಕೋಟಿನಲ್ಲಿ ಒಂದು ಗಡಿಯಾರವಿತ್ತು. ಮಾತಿನ ಮಧ್ಯೆ ಅದನ್ನು ತೆಗೆದು, ನೋಡಿ, ಮುಚ್ಚಿ, ಒಳಗಿಡುತ್ತಿದ್ದರು. "ಟೈಮೆಷ್ಟ್ರೀ ಸಾಹೇಬ್ರೆ?" ಎಂದು ಯಾರಾದರೂ ಕೇಳಿದರೆ, "ಸರಿಯಾಗಿದೆ" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ವಿವರ ಸಾರ್ವಜನಿಕರಿಗೆ ಅಗತ್ಯವೆಂದು ಅವರಿಗೆ ತೋರುತ್ತಿರಲಿಲ್ಲ.

ಜಗಳೂರಿನ ಬಸ್ಸು ಓಡಿಸುತ್ತಿದ್ದವನು ತ್ಯಾವಣಿಗೆಯ ಸಿದ್ಲಿಂಗಣ್ಣ. ಡ್ರೈವರುಗಳಲ್ಲೆಲ್ಲ ಹಿರಿಯ. ಮೀಸೆ ಬೆಳ್ಳಗಾಗಿದ್ದರೂ ತುಂಬಿದ ಮಜ್ಜಿಗೆ ತಂಬಿಗೆ ತುಳುಕದ ಹಾಗೆ ಬಸ್ಸು ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಜಗಳೂರು ಇನ್ನೇನು ಬಂತು ಎನ್ನುವಾಗ, ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ಇದ್ದಕ್ಕಿದ್ದಂತೆ ರಸ್ತೆಗೆ ಅಡ್ಡ ತಿರುಗಿತು. ಗಾಡಿಯವನು ನಿದ್ದೆ ಹೋಗಿದ್ದ. ಬಸ್ಸು ಚಕ್ರಕ್ಕೆ ಬಡಿದು, ಅವನು ಹಾರಿಬಿದ್ದು ಕಾಲು ಮುರಿದುಕೊಂಡ. ಎತ್ತುಗಳಿಗೆ ಏನೂ ಆಗಲಿಲ್ಲ; ಅವು ಎಚ್ಚರವಾಗಿದ್ದವು.

ಮಂಡಿಯಲ್ಲಿ ವಿಚಾರಣೆ ನಡೆಯಿತು. ಸಿದ್ಲಿಂಗಣ್ಣ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ.

"ಕಂಡ ಕೂಡ್ಲೆ ಬ್ರೇಕ್ ತುಳಿದೀನ್ರಿ ಯಜಮಾನ್ರೆ. ದೇವರಾಣೆ."

"ತುಳಿದಿದ್ರೆ ನಿಲ್ತಿತ್ತಲ್ಲೋ! ನಿಂಗೆ ವಯಸ್ಸಾತು ಸಿದ್ಲಿಂಗ. ಕಣ್ಣಿಗೆ ಕಂಡಿದ್ದು ಕಾಲಿಗೆ ಮುಟ್ಟಾಕೆ ಹೊತ್ತು ಹಿಡೀತೈತೆ. ನಾಳೆಯಿಂದ ಬರಬ್ಯಾಡ."

"ಸ್ಟೇರಿಂಗ್ ಬಿಟ್ರೆ ನಂಗೆ ಬ್ಯಾರೆ ಕಸುಬು ಬರಾಕಿಲ್ರಿ. ಏನು ಮಾಡ್ಲಿ?"

ಯಜಮಾನರು ಉತ್ತರ ಕೊಡುವ ಮೊದಲೇ ಮೂಲೆಯಿಂದ ಗಾರ್ಡ್ ಸಾಹೇಬರು ಕೈಯೆತ್ತಿದರು. "ಸ್ವಲ್ಪ ತಡೀರಿ. ಇವನು ಕೂಡ್ಲೆ ಅಂತಾನೆ, ನೀವು ಅಲ್ಲ ಅಂತೀರಿ. ಕೂಡ್ಲೆ ಅಂದರೆ ಎಷ್ಟು?"

"ಎಷ್ಟು ಅಂದ್ರೆ? ಕೂಡ್ಲೆ ಅಂದ್ರೆ ಕೂಡ್ಲೇನ್ರಿ!"

"ಅಂದಾಜಿನ ಮೇಲೆ ಒಬ್ಬನ ಅನ್ನ ಕೀಳೋ ಹಾಗಿಲ್ಲ. ಅಂದಾಜು ಅಡಿಗೆಮನೆಯಲ್ಲಿರಲಿ. ನಾನು ಅಳೆದು ಹೇಳ್ತೀನಿ."

ಯಜಮಾನರು ನಕ್ಕರು. ಆದರೆ ರೈಲ್ವೆಯ ಮೇಲೆ ಅವರಿಗೊಂದು ಭಯಭಕ್ತಿ ಇತ್ತು. ದೀಪಾವಳಿಯವರೆಗೆ ಗಡುವು ಕೊಟ್ಟರು. ಅಲ್ಲಿಯವರೆಗೆ ಸಿದ್ಲಿಂಗಣ್ಣ ನ್ಯಾಮತಿ ಬಸ್ಸು ಓಡಿಸಬೇಕು, ಅದೂ ಸಾಹೇಬರು ಪಕ್ಕದಲ್ಲಿ ಕೂತರೆ ಮಾತ್ರ. "ಅಳತೇಲಿ ತಡ ಅಂತ ಬಂದ್ರೆ, ಮನೆಗೆ ಹೋಗು ಅಂತ ಇವನಿಗೆ ನೀವೇ ಬಾಯಿಬಿಟ್ಟು ಹೇಳ್ಬೇಕು, ನಾನಲ್ಲ" ಎಂದರು.

"ಹೇಳ್ತೀನಿ" ಎಂದರು ಸಾಹೇಬರು. ಸಿದ್ಲಿಂಗಣ್ಣನ ಸೀಟು ಅಲ್ಲಿಂದ ಅವರ ಕೈಗೆ ಬಂತು.

ಮಿಡ್ಲ್ ಸ್ಕೂಲಿನಿಂದ ಮರದ ಸ್ಕೇಲೊಂದನ್ನು ಎರವಲು ತಂದರು. ಎದುರಿನವನು ಹೆಬ್ಬೆರಳು ತೋರುಬೆರಳುಗಳನ್ನು ಬಿಡಿಸಿ ಹಿಡಿಯಬೇಕು. ಸಾಹೇಬರು ಅವುಗಳ ನಡುವೆ ಸ್ಕೇಲನ್ನು ತೂಗಹಾಕಿ, ಹೇಳದೆ ಬಿಟ್ಟುಬಿಡುವರು. ಎಷ್ಟು ಅಂಗುಲ ಜಾರಿದ ಮೇಲೆ ಹಿಡಿದನೋ ಅಷ್ಟು ಅವನ ತಡ. ಆಮೇಲೆ ಚನ್ನಗಿರಿಯಲ್ಲಿ ಬೆರಳಿದ್ದವರಿಗೆ ನೆಮ್ಮದಿ ಇಲ್ಲವಾಯಿತು. ಟಿಕೆಟ್ಟಿಗೆ ಬಂದವರು, ಹೋಟೆಲಿನ ಮಾಣಿ, ಅಮಲ್ದಾರರ ಜವಾನ, ಯಾರನ್ನೂ ಬಿಡಲಿಲ್ಲ. ಕ್ಷೌರದವನನ್ನು ಕತ್ತಿ ಕೈಯಲ್ಲಿದ್ದಾಗ ಪರೀಕ್ಷಿಸಬಾರದೆಂಬ ವಿವೇಕ ಮಾತ್ರ ಅವರಿಗಿತ್ತು. ಕತ್ತಲಗೆರೆಯ ಒಂದು ಮದುವೆಯಲ್ಲಿ ಮದುಮಗನ ಬೆರಳ ಸಂದಿಯಿಂದ ಸ್ಕೇಲು ಸೀದಾ ನೆಲಕ್ಕೆ ಬಿದ್ದಾಗ, "ಯೋಚನೆ ಮಾಡಬೇಡಿ, ಹುಡುಗಿ ಚುರುಕಾಗಿದ್ದಾಳೆ" ಎಂದು ಬೀಗರಿಗೆ ಸಮಾಧಾನ ಹೇಳಿದರು.

ಡ್ರೈವರುಗಳ ಸರದಿ ಬಂತು. ಸಿದ್ಲಿಂಗಣ್ಣ ಸ್ಕೇಲನ್ನು ತುದಿಯಲ್ಲೇ ಹಿಡಿದ. ಹತ್ತು ಸಲ ಬಿಟ್ಟರೂ ಹಿಡಿದ. ಮೀಸೆ ಚಿಗುರುತ್ತಿದ್ದ ಡ್ರೈವರುಗಳು ಅವನ ಸಮಕ್ಕೆ ಬರಲಿಲ್ಲ.

"ಹಂಗಾದ್ರೆ ಮುಗೀತಲ್ಲ?" ಎಂದರು ಯಜಮಾನರು.

"ಇಲ್ಲ. ಇದು ಬೆರಳಿನ ಲೆಕ್ಕ. ಬಸ್ಸು ನಿಲ್ಲೋದು ಕಾಲಿನಿಂದ."

ನನಗೆ ಸಿಟ್ಟು ಬಂತು. ಹೊರಗೆ ಬಂದ ಮೇಲೆ, "ಅವನು ಗೆದ್ದಿದ್ದ ಸಾಹೇಬರೆ, ಅಲ್ಲಿಗೆ ನಿಲ್ಲಿಸಬಾರದಿತ್ತೆ?" ಎಂದೆ. ಅವರು ಗಡಿಯಾರ ತೆಗೆದರು, ನೋಡಲಿಲ್ಲ. "ಏಜೆಂಟ್ರೆ, ನಾನೊಂದು ಸಲ ಕೆಂಪು ಬಾವುಟ ತೋರಿಸಿದೆ. ಎಂಜಿನ್ ಡ್ರೈವರ್ ಕಂಡ ಕೂಡ್ಲೆ ಬ್ರೇಕ್ ಹಾಕಿದ. ಸುಳ್ಳಲ್ಲ, ಕೂಡ್ಲೇ ಹಾಕಿದ. ಹಳಿ ಮೇಲೆ ಕೆಲಸ ಮಾಡ್ತಿದ್ದ ಒಬ್ಬ ಗ್ಯಾಂಗ್‌ಮನ್ ಆ ಕೂಡ್ಲೆಯೊಳಗೇ ಸತ್ತ." ಗಡಿಯಾರ ಒಳಗೆ ಹೋಯಿತು. ಆ ವಿಷಯ ಅವರು ಮತ್ತೆ ಎತ್ತಲಿಲ್ಲ, ನಾನೂ ಸಿಟ್ಟಾಗಲಿಲ್ಲ.

ಕಾಲಿನ ಲೆಕ್ಕಕ್ಕೆ ಅವರು ಹೂಡಿದ ಉಪಾಯ ಹೀಗಿತ್ತು. ಸುಣ್ಣದ ನೀರು ತುಂಬಿದ ಎರಡು ಡಬ್ಬಿಗಳನ್ನು ಬಸ್ಸಿನ ಅಡಿಗೆ ಕಟ್ಟಿಸಿದರು. ಒಂದರ ಬಿರಡೆಯ ದಾರ ನನ್ನ ಕೈಗೆ, ಇನ್ನೊಂದರದು ಬ್ರೇಕಿನ ಪೆಡಲಿಗೆ. ರಸ್ತೆಗೆ ಏನಾದರೂ ಅಡ್ಡ ಬಂದೊಡನೆ ನಾನು ಎಳೆಯಬೇಕು. ನೆಲದ ಮೇಲೆ ಒಂದು ಬಿಳಿ ಗುರುತು. ಡ್ರೈವರು ತುಳಿದಾಗ ಇನ್ನೊಂದು. ಎರಡರ ನಡುವಿನ ನೆಲವೇ ಅವನ ಕೂಡ್ಲೆ. ಬಸ್ಸು ಎಲ್ಲರ ಸರದಿಯಲ್ಲೂ ಒಂದೇ ವೇಗದಲ್ಲಿರಬೇಕು; ಅದನ್ನು ಅವರು ಫರ್ಲಾಂಗು ಕಲ್ಲುಗಳನ್ನೂ ಗಡಿಯಾರವನ್ನೂ ನೋಡಿ ಕಾಯುತ್ತಿದ್ದರು.

"ನಾನು ದಾರ ಎಳೆಯುವುದೂ ತಡವಾದರೆ?" ಎಂದೆ.

"ಆಗೇ ಆಗುತ್ತೆ. ಆದರೆ ನಿಮ್ಮ ಮಂದಬುದ್ಧಿ ಎಲ್ಲರಿಗೂ ಸಮವಾಗಿ ಹಂಚಿಹೋಗೋದರಿಂದ ನ್ಯಾಯಕ್ಕೆ ಭಂಗವಿಲ್ಲ."

ಅಡ್ಡ ಬರುವುದಕ್ಕೆ ಕರು ಬೇಕಿತ್ತು. ಊರಾಚೆ ರಸ್ತೆಯ ಪಕ್ಕದಲ್ಲಿ ಹಾಲು ಮಾರುವ ಹನುಮಕ್ಕನ ಗುಡಿಸಲು. ಅವಳ ಹಸುವಿನ ಕರು ಸತ್ತಿತ್ತು. ನಮ್ಮ ಕಡೆಯ ರೂಢಿಯಂತೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಹೊಲಿದು, ಹಾಲು ಕರೆಯುವಾಗ ಹಸುವಿನ ಮುಂದೆ ನಿಲ್ಲಿಸುತ್ತಿದ್ದಳು. ಅದಕ್ಕೆ ಹಗ್ಗ ಕಟ್ಟಿ, ಬಸ್ಸು ಹತ್ತಿರ ಬಂದಾಗ ಪೊದೆಯ ಮರೆಯಿಂದ ರಸ್ತೆಗೆ ಎಳೆಯುವುದಕ್ಕೆ ಅವಳೇ ಒಪ್ಪಿದಳು.

"ಸಂಜೀಕೆ ಕರು ವಾಪಸ್ ಬೇಕು ನೋಡ್ರಿ. ಇದನ್ನ ಬಸ್ಸಿಗೆ ಹಾಕಿ ಸಾಯಿಸಿದ್ರೆ ನನ್ನ ಹಸು ಹಾಲು ಬಿಡಾಕಿಲ್ಲ."

"ಅದು ಸತ್ತೇ ಇದೆಯಲ್ಲಮ್ಮ" ಎಂದರು ಸಾಹೇಬರು.

"ನಂಗೆ ಗೊತ್ತೈತೆ. ಹಸುವಿಗೆ ಗೊತ್ತಿಲ್ಲ."

ಪ್ರಯೋಗಗಳು ನಡೆದವು. ರಸ್ತೆಯ ಮೇಲೆ ಜೋಡಿ ಜೋಡಿ ಬಿಳಿ ಗುರುತುಗಳು ಮೂಡಿದವು. ಸುತ್ತಲಿನ ಹೊಲದವರು ಅವನ್ನು ಸರ್ಕಾರಿ ಸರ್ವೆಯೆಂದು ತಿಳಿದು, ಕಾಲುವೆ ಬರುತ್ತದೆಂದು ಸಂಭ್ರಮಪಟ್ಟು, ತಮ್ಮ ತಮ್ಮ ಹೊಲದ ಕಡೆಗೆ ಗುರುತನ್ನು ಕೊಂಚ ತಿರುಗಿಸಬೇಕೆಂದು ಸಾಹೇಬರಲ್ಲಿ ಬಿನ್ನವಿಸಿಕೊಂಡರು. "ಪರಿಶೀಲಿಸುತ್ತೇನೆ" ಎಂದು ಇವರೂ ಒಪ್ಪಿಕೊಂಡರು.

ಸಿದ್ಲಿಂಗಣ್ಣನ ಸರದಿಯ ದಿನ ಬಸ್ಸು ನಿಂತಾಗ ಹುಲ್ಲಿನ ಕರು ಬಂಪರಿಗೆ ಒರಗಿ ನಿಂತಿತ್ತು. ಸಾಹೇಬರು ಇಳಿದು ಗುರುತಿನಿಂದ ಗುರುತಿಗೆ ನಡೆದರು. ನಂಬದೆ ಮತ್ತೊಮ್ಮೆ ನಡೆದರು.

"ಎಷ್ಟಾತು ಸಾಹೇಬ್ರೆ?"

ಬೇರೆಯವರಾಗಿದ್ದರೆ ಮಾತು ತೇಲಿಸುತ್ತಿದ್ದರು. "ಜಾಸ್ತಿ. ಎಲ್ಲರಿಗಿಂತ ಜಾಸ್ತಿ" ಎಂದರು ಸಾಹೇಬರು. ಸಿದ್ಲಿಂಗಣ್ಣ ರುಮಾಲು ತೆಗೆದು ಮುಖ ಒರೆಸಿಕೊಂಡ. "ಆದರೆ ಕೈ ಅಷ್ಟು ಚುರುಕಾಗಿರೋನ ಕಾಲು ಇಷ್ಟು ಸೋಮಾರಿ ಆಗೋದಿಲ್ಲ. ನಡುವೆ ಏನೋ ಇದೆ. ಅದು ಸಿಗೋವರೆಗೆ ಮನೆಗೆ ಹೋಗು ಅಂತ ನಾನು ಬಾಯಿಬಿಡೋದಿಲ್ಲ."

ಅದನ್ನು ಹುಡುಕುವುದಕ್ಕಾಗಿ ಅವರು ಬಸ್ಸಿನಲ್ಲಿ ಅಡ್ಡಡ್ಡ ಕೂತರು: ರಸ್ತೆಗೆ ಬೆನ್ನು, ಡ್ರೈವರಿಗೆ ಮುಖ. ಹಾಗೆ ಕೂತರೆ ಹೊಟ್ಟೆ ತೊಳಸುತ್ತದೆ. ಸಾಹೇಬರು ಬಾಯಲ್ಲಿ ನಿಂಬೆಹಣ್ಣು ಕಚ್ಚಿಕೊಂಡು ನ್ಯಾಮತಿಗೆ ಹೋಗಿ ಬಂದರು, ಮತ್ತೆ ಹೋದರು. ಹೊನ್ನಾಳಿಯ ಪೇಟೆಯಲ್ಲಿ ಅವರಿಗೆ ಯಾವುದೋ ಹರಕೆಯಿದೆಯೆಂದು ಮಾತಾಯಿತು. ಕೊನೆಗೊಂದು ದಿನ ನಿಂಬೆಹಣ್ಣು ತೆಗೆದು ಕೇಳಿದರು:

"ಎದುರಿಗೆ ಏನಾದರೂ ಬಂದರೆ ಮೊದಲು ಏನು ಮಾಡ್ತೀಯ ಸಿದ್ಲಿಂಗಣ್ಣ?"

"ಬ್ರೇಕ್ ಹಾಕ್ತೀನ್ರಿ."

"ಅದಕ್ಕೂ ಮೊದಲು?"

ಅವನು ಯೋಚಿಸಿದ. "ಹಾರನ್ ಹೊಡೀತೀನ್ರಿ."

"ಯಾಕೆ?"

"ಹೇಳದೆ ಕೇಳದೆ ಮೈಮ್ಯಾಲೆ ಹೋಗಿ ನಿಂದ್ರಾಕೆ ಆಗ್ತೈತಾ? ಒಬ್ಬರ ಮನೆಗೆ ಹೋದ್ರೂ ಬಾಗಿಲಾಗೆ ನಿಂತು ಒಂದು ಕೂಗು ಹಾಕ್ತೀವಿ, ಆಮ್ಯಾಗೆ ಒಳಕ್ಕೆ ಕಾಲಿಡ್ತೀವಿ. ರಸ್ತೆ ಅಂದ್ರೆ ಮರ್ಯಾದೆ ಇಲ್ಲೇನ್ರಿ?"

ಆಗಿನ ಹಾರನ್ನು ರಬ್ಬರ್ ಬುರುಡೆಯದು. ಅದನ್ನು ಪೂರ್ತಿ ಹಿಸುಕಬೇಕು, ಅದು ಪೂರ್ತಿ ಕೂಗಬೇಕು. ಅದರ ಮಾತು ಮುಗಿಯುವವರೆಗೆ ಸಿದ್ಲಿಂಗಣ್ಣನ ಕಾಲು ಬ್ರೇಕಿನ ಮೇಲೆ ವಿನಯದಿಂದ ಕಾಯುತ್ತಿತ್ತು. ಬೇರೆ ಡ್ರೈವರುಗಳೂ ಕೂಗಿಯೇ ತುಳಿಯುತ್ತಿದ್ದರು, ಆದರೆ ಅರ್ಧ ಕೂಗಿ. ಇಡೀ ಸೀಮೆಯಲ್ಲಿ ಎಲ್ಲರಿಗಿಂತ ಮರ್ಯಾದಸ್ಥನಾದದ್ದರಿಂದಲೇ ಇವನು ಎಲ್ಲರಿಗಿಂತ ತಡ.

ರೋಗ ಸಿಕ್ಕಿತು, ಮದ್ದು ಸಿಗಲಿಲ್ಲ. ಸಾಹೇಬರು ಹಾರನ್ನನ್ನೇ ಬಿಚ್ಚಿಸಿದರು. ಎದುರಿಗೆ ಎಮ್ಮೆ ಬಂತು. ಸಿದ್ಲಿಂಗಣ್ಣ ಬರಿದಾದ ಜಾಗವನ್ನು ತಡಕಿ, ಕತ್ತು ಹೊರಗೆ ಹಾಕಿ, "ಏಯ್ ನಮ್ಮವ್ವಾ, ಅತ್ಲಾಗೆ ಸರಿ ತಾಯೀ!" ಎಂದು ಪೂರ್ತಿ ಹೇಳಿ, ಆಮೇಲೆ ತುಳಿದ. ಸಾಹೇಬರು ಅಭ್ಯಾಸ ಮಾಡಿಸಲು ನಿಂತರು: ಅವರು ಹೇಳದೆ ಸೀಟಿ ಊದುವುದು, ಇವನು ಕೂಗದೆ ತುಳಿಯುವುದು. ಬಸ್ಸಿನೊಳಗೆ ಮುಂದಿನವರ ಮೇಲೆ ಹಿಂದಿನವರು ಬಿದ್ದರು, ಬೆಲ್ಲದ ಗಡಿಗೆ ಒಡೆಯಿತು, ಮಾತು ಬಿಟ್ಟಿದ್ದ ಅತ್ತೆ ಸೊಸೆ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಜನ ಪಕ್ಕದ ಬಸ್ಸಿಗೆ ಹತ್ತತೊಡಗಿದರು.

"ಸಾಹೇಬ್ರೆ, ನೀವು ಅಳೀತೀರೋ, ನನ್ನ ಬಸ್ ಮುಳುಗ್ಸಾಕೆ ಬಂದೀರೋ?" ಎಂದು ಯಜಮಾನರು ಮಂಡಿಯಲ್ಲಿ ಕೂಗಾಡಿದರು.

ಆ ಸಂಜೆ ಸಿದ್ಲಿಂಗಣ್ಣ ಆಫೀಸಿನ ಬಾಗಿಲಿಗೆ ಬಂದ. ನಿಂತು ಒಂದು ಕೂಗು ಹಾಕಿದ, ಆಮೇಲೆ ಒಳಗೆ ಕಾಲಿಟ್ಟ. "ಬಿಟ್ಟುಬಿಡ್ರಿ ಸಾಹೇಬ್ರೆ. ಮನೆಗೆ ಹೋಗು ಅನ್ನಾಕೆ ನಿಮಗೆ ಬಾಯಿ ಬರಲಿಲ್ಲ ಅಂದ್ರೆ ನಾನೇ ಯಜಮಾನ್ರಿಗೆ ಹೇಳ್ತೀನಿ."

"ನೀನು ಬಿಡಬಹುದು. ನಾನು ಬಿಡೋದಿಲ್ಲ. ಹೋಗಿ ಊಟ ಮಾಡು" ಎಂದರು ಇವರು, ತಲೆಯೆತ್ತದೆ.

ಮಾರನೆಯ ಬೆಳಿಗ್ಗೆ ಹಾರನ್ನು ಮತ್ತೆ ಬಸ್ಸಿಗೆ ಬಂದಿತ್ತು. ಆದರೆ ಡ್ರೈವರಿನ ಬಲಕ್ಕಲ್ಲ. ಉದ್ದನೆಯ ಕೊಳವೆ ಹಾಕಿಸಿ ಬುರುಡೆಯನ್ನು ಎಡಗಡೆಯ ಸೀಟಿಗೆ ತರಿಸಿದ್ದರು. ಅದನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಮಗುವಿಗೆ ಹೇಳುವಂತೆ ಹೇಳಿದರು: "ಇನ್ನು ಮೇಲೆ ಜನಕ್ಕೆ ಹೇಳೋದು ಕೇಳೋದೆಲ್ಲ ನನ್ನ ಜವಾಬ್ದಾರಿ. ಕಾಲು ಮಾತ್ರ ನಿನ್ನದು."

"ಖಂಡಿತ ಕೂಗ್ತೀರಾ ಸಾಹೇಬ್ರೆ?"

"ಖಂಡಿತ."

ಮರ್ಯಾದೆಯ ಭಾರ ಇನ್ನೊಬ್ಬರ ತೊಡೆಗೆ ಹೋದದ್ದೇ ತಡ, ಅವನ ಕಾಲು ಹಗುರಾಯಿತು. ಹನುಮಕ್ಕನ ಕರುವಿನ ಮುಂದೆ ಎರಡು ಸುಣ್ಣದ ಗುರುತುಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದವು. ಯಜಮಾನರು ಮಾತ್ರ ಒಪ್ಪಲಿಲ್ಲ. "ಆ ಕರು ಎಲ್ಲಿಂದ ಬರ್ತೈತೆ ಅಂತ ಈಗ ಊರಿನ ನಾಯಿಗೂ ಗೊತ್ತು. ನಾಡಿದ್ದು ಹಬ್ಬ. ನಾಳೆ ನಾನೇ ಬಸ್ಸಾಗೆ ಬರ್ತೀನಿ. ನಂಗೆ ತಿಳಿದ ಕಡೆ ನನ್ನ ಛತ್ರೀನ ಬಸ್ಸಿನ ಮುಂದಕ್ಕೆ ಎಸೀತೀನಿ. ಛತ್ರಿ ಉಳಿದ್ರೆ ಸಿದ್ಲಿಂಗನೂ ಉಳೀತಾನೆ."

ಮಾರನೆಯ ದಿನ ಯಜಮಾನರು ಬಂದರು, ಸಾಕ್ಷಿಗೆ ನನ್ನನ್ನೂ ಕೂರಿಸಿಕೊಂಡರು. ಛತ್ರಿ ಹೊಸದು. ಹೊನ್ನಾಳಿ ದಾಟಿ ನ್ಯಾಮತಿಗೆ ಹೋದೆವು. ಎಸೆಯಲು ಅವರಿಗೆ ಮನಸ್ಸಾಗಲಿಲ್ಲ. ತಿರುಗಿ ಹೊನ್ನಾಳಿಯ ಕಡೆಗೆ ಹೊರಟಾಗ ಮಾತ್ರ ಕಿಟಕಿಯ ಹೊರಗೆ ಕೈ ಚಾಚಿ ಹಿಡಿದರು. ಬುರುಡೆ ಹಿಡಿದಿದ್ದ ಸಾಹೇಬರ ಕಣ್ಣು ಛತ್ರಿಯ ಮೇಲೇ ನೆಟ್ಟಿತ್ತು. ಆಗ, ನಿಂತಿದ್ದ ಹುಲ್ಲಿನ ಗಾಡಿಯ ಮರೆಯಿಂದ, ತಲೆಯ ಮೇಲೆ ಬದನೆಕಾಯಿ ಬುಟ್ಟಿ ಹೊತ್ತ ಮುದುಕಿಯೊಬ್ಬಳು ನೇರ ರಸ್ತೆಯ ನಡುವಿಗೆ ಬಂದುಬಿಟ್ಟಳು.

ಹಾರನ್ನು ಕೂಗಲಿಲ್ಲ. ಸಾಹೇಬರ ಕೈ ಬುರುಡೆಯ ಮೇಲಿತ್ತು, ಅಷ್ಟೆ, ಬೆರಳು ಮಡಿಚಲಿಲ್ಲ. ಆದರೆ ಬಸ್ಸು ನಿಂತಿತು. ಮುದುಕಿಗೂ ಬಂಪರಿಗೂ ನಡುವೆ ಒಂದು ಮೊಳ ಜಾಗ. ಅವಳ ಬುಟ್ಟಿ ಕೂಡ ಅಲುಗಲಿಲ್ಲ.

ಮುದುಕಿ ನಿಧಾನವಾಗಿ ತಿರುಗಿದಳು.

"ಏನ್ರೋ, ಬಾಯಿ ಬಿದ್ದು ಹೋಗೈತಾ ನಿಮ್ಮ ಬಸ್ಸಿಗೆ? ಹೇಳದೆ ಕೇಳದೆ ಕಳ್ಳರಂಗೆ ಬಂದು ಮಗ್ಗುಲಾಗೆ ನಿಂತೀರಲ್ಲ! ನನ್ನ ಎದೆ ಒಡೆದಿದ್ರೆ ಯಾರೋ ಗತಿ? ಹೆತ್ತೋರು ಇಷ್ಟೂ ಕಲಿಸಿಲ್ಲೇನ್ರೋ?"

ಸಿದ್ಲಿಂಗಣ್ಣನ ತಲೆ ತಗ್ಗಿತು. ಹುಟ್ಟಿದಾಗಿನಿಂದ ಅವನಿಗೆ ಆ ಮಾತು ಆಡಿದವರಿರಲಿಲ್ಲ. ಸಾಹೇಬರು ಹಾರನ್ನು ಸೀಟಿನ ಮೇಲಿಟ್ಟು ಕೆಳಗಿಳಿದರು. ಟೋಪಿ ತೆಗೆದು, ಅವಳೆದುರು ನೆಟ್ಟಗೆ ನಿಂತರು.

"ತಪ್ಪು ಡ್ರೈವರದಲ್ಲಮ್ಮ. ಕೂಗಬೇಕಾದವನು ನಾನು. ತಡ ಮಾಡಿದೆ."

ಆಮೇಲೆ ಕಿಟಕಿಯ ಕಡೆಗೆ ತಿರುಗಿದರು. "ಯಜಮಾನ್ರೆ, ಅಳತೆ ಮುಗೀತು. ತಡ ಮಾಡಿದವನನ್ನ ಮನೆಗೆ ಕಳಿಸೋದಾದರೆ ನನ್ನನ್ನ ಕಳಿಸಿ."

ಯಜಮಾನರು ಬಂಪರಿನಿಂದ ಮುದುಕಿಯವರೆಗಿನ ಜಾಗವನ್ನು ಕಣ್ಣಲ್ಲೇ ಅಳೆದರು. ಛತ್ರಿ ಒಳಗೆ ಎಳೆದುಕೊಂಡರು. "ಹತ್ರೀ ಸಾಹೇಬ್ರೆ, ಹೊತ್ತಾತು. ಅವನು ಓಡಿಸ್ಲಿ, ನೀವು ಕೂಗ್ರಿ."

"ಹಬ್ಬ ಆದ ಮ್ಯಾಲೂನ್ರಿ?" ಎಂದ ಸಿದ್ಲಿಂಗಣ್ಣ, ಸಣ್ಣ ದನಿಯಲ್ಲಿ.

"ಹಬ್ಬ ಆದ ಮ್ಯಾಲೂ ಕಣೋ."

ಆಮೇಲೆ ಯುದ್ಧ ಬಂತು, ಪೆಟ್ರೋಲು ಹೋಗಿ ಇದ್ದಿಲು ಗ್ಯಾಸಿನ ಬಸ್ಸು ಬಂತು. ಸಿದ್ಲಿಂಗಣ್ಣ ತಾನಾಗಿಯೇ ಸಾಕು ಎನ್ನುವವರೆಗೂ ಓಡಿಸಿದ. ಅಷ್ಟು ವರ್ಷವೂ ಇನ್ಸ್‌ಪೆಕ್ಟರ್ ಸಾಹೇಬರು ಆಫೀಸಿನ ಕುರ್ಚಿಯ ಕಡೆ ಸುಳಿಯದೆ, ಮಸಿ ಹಿಡಿದ ಕೋಟಿನಲ್ಲಿ ಅವನ ಎಡಕ್ಕೆ ಕೂತು ಊರೂರಿಗೆ ಕೂಗುತ್ತ ಹೋದರು.

ಆದರೆ ಆ ದಿನದ ಮಾತು ಮುಗಿಸಬೇಕು. ಮುದುಕಿಯೂ ಹೊನ್ನಾಳಿಗೇ ಹೋಗುವವಳು. ಬಸ್ಸು ಹತ್ತಿ ಸಾಹೇಬರ ಬೆನ್ನ ಹಿಂದೆ ಕೂತಳು. ಸಾಹೇಬರು ಒಂದೊಂದು ಸಲ ಬುರುಡೆ ಹಿಸುಕಿದಾಗಲೂ, "ಈಗ ಕೂಗು! ಯಾರೂ ಇಲ್ಲದ ಕಡೆ ಕೂಗು!" ಎಂದಳು. ಸಾಹೇಬರು ಪ್ರತಿಸಲವೂ "ಆಯ್ತಮ್ಮ" ಎಂದರು. ಹೊನ್ನಾಳಿಯಲ್ಲಿ ಅವಳ ಬುಟ್ಟಿಯನ್ನು ತಾವೇ ಇಳಿಸಿ ತಲೆಯ ಮೇಲಿಟ್ಟರು. ಅವಳು ಎರಡು ಹೆಜ್ಜೆ ಹೋದವಳು ಮತ್ತೆ ಬಂದು, ಕಿಟಕಿಯಲ್ಲಿ ಸಿದ್ಲಿಂಗಣ್ಣನ ಮೊಣಕೈ ಮುಟ್ಟಿ ಹೇಳಿದಳು:

"ನೀನು ಒಳ್ಳೇನು ಕಣಪ್ಪ. ಆದ್ರೆ ಈ ಮಗ್ಗುಲಾಗಿರೋನ ಸಹವಾಸ ಬಿಡು."